ಆರ್ಡಿತ್ ಪಕೆಟ್‌ಳ ಕೋಲುಮಡಿ

ಬ್ಲೆವಿನ್ಸ್ ಹಿನ್ನೀರು ಪ್ರತಿ ವರ್ಷ ಎಲೆ ಉದುರುವ ಹೊತ್ತಿಗೆ ಐದಡಿ ಇಳಿಯುತ್ತದೆ. ಇಳಿಯಲಿ, ಅದಕ್ಕೆ ನಮ್ಮ ಯಾರ ತಕರಾರೂ ಇಲ್ಲ. ಚಳಿಗಾಲದ ಮಳೆಗೆ ಜಾಗ ಬೇಕೆಂದು ಅಣೆಕಟ್ಟಿನವರು ಬಾಗಿಲು ತೆಗೆಯುತ್ತಾರೆ. ಮೀನು ಹಿಡಿಯುವವರು ದೋಣಿ ಇಳಿಸಲು ಇನ್ನಷ್ಟು ದೂರ ಹೋಗುತ್ತಾರೆ. ಕಾಡುಬಾತಿನ ಬೇಟೆಯವರು ಎದೆಯವರೆಗೆ ರಬ್ಬರ್ ಉಡುಪು ಏರಿಸಿಕೊಂಡು, ಕೆಸರನ್ನೂ ಸರ್ಕಾರವನ್ನೂ ಒಟ್ಟಿಗೆ ಬೈಯುತ್ತ ಓಡಾಡುತ್ತಾರೆ. ಆದರೆ ಆ ವರ್ಷ ಆಗಸ್ಟ್ ಕೊನೆಗೆ ಬಂದ ನೋಟೀಸಿನಲ್ಲಿ ಐದಡಿ ಎಂದಿರಲಿಲ್ಲ, ಹನ್ನೊಂದಡಿ ಎಂದಿತ್ತು. ಬಾಗಿಲು ರಿಪೇರಿಯಂತೆ. ಅಕ್ಟೋಬರಿನಲ್ಲಿ ಇಳಿದ ನೀರು ಜನವರಿ ಮುಗಿಯುವವರೆಗೆ ಏರುವುದಿಲ್ಲವಂತೆ.

ನೋಟೀಸನ್ನು ಗಟ್ಟಿಯಾಗಿ ಓದಿದವನು ವೆಸ್ಟಲ್ ಕೇಗಲ್. ಅವನ ಅಂಗಡಿಯಲ್ಲಿ ಎರೆಹುಳ, ಗಾಳ, ಕಾಫಿ, ಊರ ಸುದ್ದಿ ನಾಲ್ಕೂ ಸಿಗುತ್ತವೆ, ಕೊನೆಯದು ಬಿಟ್ಟಿ. ಓದಿ ಮುಗಿಸಿ, ಕಾಗದವನ್ನು ಗೋಡೆಗೆ ಅಂಟಿಸಿ, ಮೂಲೆಯಲ್ಲಿ ಕಾಫಿ ಹೀರುತ್ತಿದ್ದ ಆರ್ಡಿತ್ ಪಕೆಟ್‌ಳ ಕಡೆ ತಿರುಗಿದ.

"ಮಿಸ್ ಆರ್ಡಿತ್, ಕೇಳಿಸ್ತಾ? ಹನ್ನೊಂದಡಿ! ಇಪ್ಪತ್ನಾಲ್ಕು ವರ್ಷದಿಂದ ನೀರಡಿ ಬಚ್ಚಿಟ್ಟಿದ್ದೆಲ್ಲಾ ಬಯಲಿಗೆ ಬೀಳತ್ತೆ."

"ಅದಕ್ಕೆ ನಿಂಗೇನಪ್ಪಾ ಅಷ್ಟು ಖುಷಿ?"

"ಖುಷಿ ಆಗ್ದೆ ಇರತ್ತಾ? ಅಂಗಡಿಗೆ ಬಂದೋರೆಲ್ಲ ಕೇಳೋದು ಒಂದೇ ಮಾತು, ಆರ್ಡಿತ್ ಎಲ್ಲಿ ದೋಣಿ ನಿಲ್ಲಿಸ್ತಾಳೆ ಅಂತ. ಅಕ್ಟೋಬರ್ ಕೊನೇ ಶನಿವಾರ ಎಲ್ಲಾರ್ನೂ ಕರ್ಕೊಂಡು ಹೋಗಿ ನಡಸ್ಕೊಂಡೇ ತೋರಿಸ್ತೀನಿ. ಫೋನಲ್ಲಿ ಜಾಗ ಗುರುತು ಹಾಕ್ಕೊಂಡ್ರೆ ಮುಗೀತು. ಕಾಫಿ, ಸಾಸೇಜು, ರೊಟ್ಟಿ ಎಲ್ಲಾ ನಂದೇ ಖರ್ಚು. ನೀವೂ ಬನ್ನಿ."

"ಮನೆ ದೋಚೋಕೆ ಮನೆ ಯಜಮಾನಿಗೇ ಆಮಂತ್ರಣ! ಅದರ ಮೇಲೆ ನಿನ್ನ ರೊಟ್ಟಿ ಬೇರೆ ತಿನ್ನಬೇಕಾ?" ಎಂದಳು ಆರ್ಡಿತ್. ಎಲ್ಲರೂ ನಕ್ಕರು, ಅವಳೂ ನಕ್ಕಳು. ಹೊರಗೆ ಬಂದು ಪಿಕಪ್ ವ್ಯಾನಿನಲ್ಲಿ ಕೂತ ಮೇಲೆ ಮಾತ್ರ ನಗು ಹೋಯಿತು. ಹೆದರಿಕೆಯಾಗಿತ್ತು. ಅರವತ್ತಮೂರನೇ ವಯಸ್ಸಿನಲ್ಲಿ ಅನ್ನದ ಬುಡಕ್ಕೆ ಕೊಡಲಿ ಬಿದ್ದರೆ ಯಾರಿಗೆ ಹೆದರಿಕೆಯಾಗುವುದಿಲ್ಲ?

ಆರ್ಡಿತ್ ಹದಿನೇಳನೇ ವಯಸ್ಸಿಗೆ ಅಂಗಿ ಕಾರ್ಖಾನೆ ಸೇರಿದವಳು. ಇಪ್ಪತ್ತೆರಡು ವರ್ಷ ಕಾಲರ್ ಹೊಲಿದಳು. ಅಂಗಿಯ ಉಳಿದ ಭಾಗ ಹೇಗೆ ಹೊಲಿಯುತ್ತಾರೆಂದು ತನಗೆ ಇವತ್ತಿಗೂ ಗೊತ್ತಿಲ್ಲ ಎಂದು ಹೇಳಿಕೊಂಡು ನಗುತ್ತಾಳೆ. ಒಂದು ನವೆಂಬರಿನಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಜೊತೆಯ ಹೆಂಗಸರೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಇವಳು ಅಪ್ಪನ ಹೊಗೆಸೊಪ್ಪಿನ ಕೊಟ್ಟಿಗೆಯಿಂದ ಕೋಲುಗಳನ್ನು ಹೊರಗೆ ಎಳೆದಳು. ಸೊಪ್ಪನ್ನು ನೇತುಹಾಕಿ ಕೆಳಗೆ ಬೆಂಕಿ ಮಾಡಿ ಹೊಗೆ ಹಿಡಿಸುವ ಕೋಲುಗಳು ಅವು. ಎದೆಯೆತ್ತರ, ಕಪ್ಪು ಬಣ್ಣ. ಜನವರಿಯ ಹಿಮದಂಥ ನೀರಿನಲ್ಲಿ ಎದೆಯವರೆಗೆ ಇಳಿದು, ಮೂವತ್ತು ಕೋಲುಗಳನ್ನು ಒತ್ತೊತ್ತಾಗಿ ಕೆಸರಿಗೆ ಬಡಿದಳು. ಅದೇ ಅವಳ ಮೊದಲ ಕೋಲುಮಡಿ. ವಸಂತಕ್ಕೆ ನೀರು ಏರಿದಾಗ ಕೋಲಿಗೆ ಪಾಚಿ ಹತ್ತುತ್ತದೆ, ಪಾಚಿಗೆ ಮರಿಮೀನು ಬರುತ್ತದೆ, ಮರಿಮೀನಿಗೆ ಕ್ರಾಪಿ ಮೀನು ಬರುತ್ತದೆ, ಕ್ರಾಪಿಗೆ ನ್ಯಾಶ್‌ವಿಲ್ಲಿನಿಂದಲೂ ಲೂಯಿವಿಲ್ಲಿನಿಂದಲೂ ಜನ ಬರುತ್ತಾರೆ. ಜನರನ್ನು ದೋಣಿಯಲ್ಲಿ ಕೂರಿಸಿಕೊಂಡು ಮಡಿಯ ಮೇಲೆ ಒಯ್ದು ಮೀನು ಹಿಡಿಸುವುದು ಅವಳ ಕಸುಬಾಯಿತು. ಹತ್ತುವ ಮೊದಲು ಎಲ್ಲರ ಫೋನೂ ತಗಡಿನ ಡಬ್ಬಿಗೆ. ಡಾಕ್ಟರಾಗಲಿ ಪಾದ್ರಿಯಾಗಲಿ, ರಿಯಾಯಿತಿ ಇಲ್ಲ.

ಹೀಗೆ ಮೂವತ್ತೆಂಟು ಮಡಿಗಳಾದವು. ಅವುಗಳ ಜಾಗ ಕಾಗದದ ಮೇಲಿರಲಿಲ್ಲ, ಆರ್ಡಿತ್‌ಳ ತಲೆಯಲ್ಲಿತ್ತು. ನೀರು ಐದಡಿ ಇಳಿದರೂ ಅವು ಮುಳುಗಿಯೇ ಇರುತ್ತಿದ್ದವು. ಹನ್ನೊಂದಡಿ ಇಳಿದರೆ ಒಂದೊಂದೂ ಬಾಚಣಿಗೆಯ ಹಲ್ಲಿನಂತೆ ಎದ್ದು ನಿಲ್ಲುತ್ತವೆ. ಸಾರ್ವಜನಿಕ ನೆಲ, ಯಾರು ಬೇಕಾದರೂ ಬಂದು ಗುರುತು ಹಾಕಿಕೊಳ್ಳಬಹುದು. ಆಮೇಲೆ ಆರ್ಡಿತ್‌ಳ ದೋಣಿ ಯಾರಿಗೆ ಬೇಕು?

ಇನ್ನೂ ಒಂದು ವಿಷಯ ಹೇಳಬೇಕು. ತನ್ನ ಕೋಲುಗಳ ಬಗ್ಗೆ ಆರ್ಡಿತ್‌ಗೆ ಬಲು ಜಂಬ. ಬೇರೆಯವರ ಕೋಲು ಆರೇಳು ವರ್ಷಕ್ಕೆ ಕೊಳೆಯುತ್ತವೆ, ತನ್ನವು ಕೊಳೆಯುವುದಿಲ್ಲ. ಅಪ್ಪನ ಕೊಟ್ಟಿಗೆಯ ಹೊಗೆ ಕುಡಿದ ಮರ, ನೀರು ಅದನ್ನು ಮುಟ್ಟುವುದಿಲ್ಲ ಎಂದು ಅಂಗಡಿಯಲ್ಲಿ ನೂರು ಸಲ ಹೇಳಿದ್ದಾಳೆ. ದೋಣಿಯಿಂದ ಗಳ ಇಳಿಸಿ ತಟ್ಟಿದರೆ ಇಪ್ಪತ್ತು ವರ್ಷದ ಕೋಲೂ ಟಕ್ಕೆನ್ನುತ್ತದೆಂಬುದೇ ಅವಳ ಸಾಕ್ಷಿ. ನಾವೂ ನಂಬಿದ್ದೆವು. ಕೆಲವರು ಹಳೆ ಕೊಟ್ಟಿಗೆ ಹುಡುಕಿಕೊಂಡು ಹೋಗಿ ಕೋಲು ತಂದದ್ದೂ ಉಂಟು.

ಅಕ್ಟೋಬರಿನಲ್ಲಿ ನೀರು ಇಳಿಯತೊಡಗಿತು, ಮೂರು ದಿನಕ್ಕೆ ಒಂದಡಿಯಂತೆ. ಆರ್ಡಿತ್ ಅದರ ಬೆನ್ನು ಹತ್ತಿದಳು. ಎಲ್ಲವನ್ನೂ ಕಿತ್ತುಬಿಡುವುದು ಎಂದು ತೀರ್ಮಾನಿಸಿಯಾಗಿತ್ತು. ಕೋಲಿನ ತುದಿ ನೀರಿನಿಂದ ನಾಲ್ಕು ಬೆರಳು ಮೇಲೆ ಬರುವ ದಿನ, ಬೆಳಗಿನ ಮಂಜು ಕರಗುವ ಮೊದಲು ಅಲ್ಲಿರಬೇಕು. ಒಂದು ದಿನ ಮೊದಲು ಹೋದರೆ ಕೈಗೆ ಸಿಗದು, ಒಂದು ದಿನ ತಡವಾದರೆ ದಡದಿಂದ ಕಾಣುತ್ತದೆ. ತಿರುಚಬೇಕು, ಅಲ್ಲಾಡಿಸಬೇಕು, ಕೆಸರು ಬಾಯಿ ಬಿಟ್ಟಾಗ ಎಳೆಯಬೇಕು. ಕೋಲನ್ನೆಲ್ಲ ದೋಣಿಗೆ ತುಂಬಿ, ವ್ಯಾನಿಗೆ ಹೇರಿ, ಅಪ್ಪನ ಕೊಟ್ಟಿಗೆಯಲ್ಲಿ ಒಟ್ಟಿದಳು. ಬೆನ್ನಿಗೆ ಮುಲಾಮು, ರಾತ್ರಿಗೆ ಹುರುಳಿಕಾಯಿ ಬೀಜದ ಸಾರು, ಜೋಳದ ರೊಟ್ಟಿ, ಎಂಟು ಗಂಟೆಗೇ ನಿದ್ದೆ.

ಕಿತ್ತದ್ದನ್ನು ಮತ್ತೆ ಎಲ್ಲಿ ನೆಡುವುದು? ಅದು ಅವಳಿಗೂ ಗೊತ್ತಿರಲಿಲ್ಲ. ಚಳಿಗಾಲವಿಡೀ ಕೆರೆಯ ತಳ ಬಯಲಾಗಿರುತ್ತದೆ, ಹೆಜ್ಜೆ ಹೆಜ್ಜೆಗೂ ಜನ. ಎಲ್ಲಿ ಹೊಸ ಮಡಿ ಹಾಕಿದರೂ ಮರುದಿನ ವೆಸ್ಟಲ್‌ನ ಅಂಗಡಿಯಲ್ಲಿ ಅದೇ ಸುದ್ದಿ. ಮೊದಲು ಕೀಳೋಣ, ಆಮೇಲೆ ನೋಡೋಣ ಎಂದು ತನಗೆ ತಾನೇ ಗದರಿಕೊಂಡಳು. ಹಿಡಿದರೆ ಉಡದ ಪಟ್ಟು, ಅವಳ ಅಪ್ಪನದೂ ಹಾಗೆಯೇ ಇತ್ತು.

ಮೂರು ವಾರದಲ್ಲಿ ಮೂವತ್ತೊಂದು ಮಡಿ ಎದ್ದವು. ಒಂದೇ ಬೇಸರ: ಅರ್ಧಕ್ಕರ್ಧ ಕೋಲು ಕೈಯಲ್ಲೇ ಲಟಕ್ಕನೆ ಮುರಿಯುತ್ತಿದ್ದವು, ಒಳಗೆಲ್ಲ ಬೆಂಡು. ಅವಳು ಕೆಸರನ್ನು ಬೈದಳೇ ಹೊರತು ಹೊಗೆಯನ್ನು ಸಂಶಯಿಸಲಿಲ್ಲ.

ಉಳಿದದ್ದು ಏಳು. ಅವೇ ಅವಳ ಚಿನ್ನದಂಥ ಮಡಿಗಳು. ವರ್ಷದ ಮುಕ್ಕಾಲು ಪಾಲು ಮೀನು ಸಿಗುತ್ತಿದ್ದದ್ದು ಅಲ್ಲೇ, ಮೊದಲ ಚಳಿಗಾಲದಲ್ಲಿ ನೆಟ್ಟ ಮೊದಲ ಮಡಿ ಇದ್ದದ್ದೂ ಅಲ್ಲೇ. ಅವನ್ನು ಕೊನೆಗೆ ಉಳಿಸಿಕೊಂಡಿದ್ದಕ್ಕೆ ಕಾರಣ ಆಳವಷ್ಟೇ ಅಲ್ಲ, ಹೋಬರ್ಟ್ ಗ್ರೂಮ್ಸ್. ಆ ಏಳೂ ಇದ್ದ ಕಡೆ ಕೆರೆಯಲ್ಲಿ ಹತ್ತೊಂಬತ್ತನೇ ಗೂಟ ಅವನದು. ಬೇಟೆ ಇಲಾಖೆಯವರು ಕೆರೆಯ ತುಂಬ ನಂಬರ್ ಬರೆದ ಗೂಟ ನೆಟ್ಟಿದ್ದಾರೆ. ಚೀಟಿ ಎತ್ತಿ ಗೂಟ ಪಡೆದವನು ಅದರ ಬಳಿ ಬಾತು ಬೇಟೆಗೆ ಮರೆಗುಡಿಸಲು ಕಟ್ಟಿಕೊಳ್ಳಬಹುದು. ಅಕ್ಟೋಬರ್ ಕೊನೇ ಶನಿವಾರ ಸೂರ್ಯ ಮುಳುಗುವುದರೊಳಗೆ ಗುಡಿಸಲು ಸೊಪ್ಪು ಹೊದ್ದು ಗೂಟದ ಪಕ್ಕ ತಯಾರಿರಬೇಕು, ಇಬ್ಬರು ಹಾಜರಿದ್ದು ಹೆಸರು ಬರೆಸಬೇಕು. ಇಲ್ಲವಾದರೆ ಗೂಟ ಮುಂದಿನ ಚೀಟಿಯವನಿಗೆ. ಹೋಬರ್ಟ್ ಅದನ್ನು ಮೂವತ್ತು ವರ್ಷದಿಂದ ಉಳಿಸಿಕೊಂಡಿದ್ದ.

ಹೋಬರ್ಟ್‌ಗೂ ಆರ್ಡಿತ್‌ಗೂ ಹನ್ನೊಂದು ವರ್ಷದಿಂದ ಮಾತಿರಲಿಲ್ಲ. ಒಂದೇ ಶಾಲೆ, ಒಂದೇ ಬೇಲಿಯ ಆಚೆ ಈಚೆ ಮನೆ. ಅವನ ದೋಣಿ ಇಂಜಿನ್ನಿನ ರೆಕ್ಕೆ ಇವಳ ಕೋಲಿಗೆ ಬಡಿದು ಮುರಿದಿತ್ತು. ಇವಳಿಗೆ ಬೆನ್ನಲ್ಲಿ ಬಾಲ ಒಂದು ಕಮ್ಮಿ, ಇಲ್ಲದಿದ್ದರೆ ಹೊಳೆಗೆ ಕಡ್ಡಿ ಒಡ್ಡುವ ಬೀವರ್ ಪ್ರಾಣಿಯೇ, ಕೆರೆ ತುಂಬ ಕಡ್ಡಿ ನೆಡುತ್ತಾಳೆ ಎಂದು ಅವನು ಚರ್ಚಿನ ಊಟದಲ್ಲಿ ಎಲ್ಲರೆದುರಿಗೆ ಅಂದ. ಅಷ್ಟೇ.

ಶುಕ್ರವಾರ ಬೆಳಗಿನ ಮಂಜಿನಲ್ಲಿ ಆರ್ಡಿತ್ ಬಂದಾಗ ಹೋಬರ್ಟ್ ಆಗಲೇ ಅಲ್ಲಿದ್ದ. ಡ್ರಮ್ಮುಗಳ ಮೇಲೆ ತೇಲುವ ಅವನ ಗುಡಿಸಲು ನೀರು ಇಳಿದಂತೆ ಜರುಗಿ, ಗೂಟದಿಂದ ಐವತ್ತು ಗಜ ಆಚೆ ಕೆಸರಿನಲ್ಲಿ ಕೂತುಬಿಟ್ಟಿತ್ತು. ಅವನು ಒಬ್ಬನೇ ಒಂದು ಹಲಗೆಯನ್ನು ಸನ್ನೆ ಮಾಡಿಕೊಂಡು ಮೀಟುತ್ತಿದ್ದ. ಅವನ ಜೊತೆಗಾರ ಡೆಲ್ಮರ್ ಜುಲೈಯಲ್ಲಿ ತೀರಿಹೋಗಿದ್ದ. ಆರ್ಡಿತ್ ಆ ಕಡೆ ಕಣ್ಣೆತ್ತಲಿಲ್ಲ. ಬಗ್ಗಿ ಮೊದಲ ಕೋಲಿಗೆ ಕೈ ಹಾಕಿದಳು. ಸಂಜೆಯೊಳಗೆ ಏಳೂ ಏಳಬೇಕು.

ಇಲ್ಲಿ ಒಂದು ಕೋಲೂ ಮುರಿಯಲಿಲ್ಲ. ಗಟ್ಟಿಮುಟ್ಟಾಗಿ ಬಂದವು. ಮೂರು ಮಡಿ ಎಬ್ಬಿಸಿ, ಬಿಸಿಲು ಬಂದ ಮೇಲೆ ಬೆನ್ನು ನೀವಿಕೊಳ್ಳುತ್ತ ಒಂದು ಕೋಲಿನ ಕೆಸರು ಒರೆಸಿದಳು. ಕೆಂಪು ಬಣ್ಣ. ಇನ್ನೊಂದು ಒರೆಸಿದಳು, ಅದೂ ಕೆಂಪು. ಮೂಸಿದರೆ ನೀರಿಗೂ ಕೊಳೆಯದ ಸೀಡರ್ ಮರದ ವಾಸನೆ. ಗರಗಸದಲ್ಲಿ ಸೀಳಿ, ತುದಿ ಚೂಪು ಮಾಡಿದ ಕೋಲು. ಅಪ್ಪನ ಕೊಟ್ಟಿಗೆಯ ಕೋಲು ತೊಂಬತ್ತರಲ್ಲಿ ಹತ್ತೂ ಇರಲಿಲ್ಲ. ಈ ಕೆರೆಯ ಸುತ್ತ ಸೀಡರ್ ಮರ ಇರುವುದು ಒಬ್ಬನ ಹೊಲದ ಬೇಲಿಯಲ್ಲಿ, ಆ ಬೇಲಿ ಅವಳ ಅಡುಗೆಮನೆ ಕಿಟಕಿಯಿಂದ ಕಾಣುತ್ತದೆ.

ಆರ್ಡಿತ್ ಆ ಕೋಲನ್ನು ಹಿಡಿದುಕೊಂಡು ನೇರ ಗುಡಿಸಲಿನ ಹತ್ತಿರ ಹೋದಳು.

"ಇದೇನೋ ಇದು?"

ಹೋಬರ್ಟ್ ತಿರುಗಿ ನೋಡಿದ. ಹನ್ನೊಂದು ವರ್ಷದ ಮೇಲೆ ಕೇಳಿದ ಮಾತು. "ಕೋಲು," ಅಂದ.

"ಕೋಲು ಅಂತ ನಂಗೂ ಗೊತ್ತು. ಯಾರದ್ದು?"

"ನೆಟ್ಟಿರೋದು ನಿನ್ನ ಮಡೀಲಿ. ನಿಂದೇ."

"ಹೋಬರ್ಟ್, ಈ ಕೋಲಲ್ಲೇ ಬಾರಿಸ್ತೀನಿ ನೋಡು. ಸರಿಯಾಗಿ ಹೇಳು."

ಅವನು ಹಲಗೆ ಕೆಳಗಿಟ್ಟ. "ಅವತ್ತು ಇಂಜಿನ್ ಬಡಿದಾಗ ನಿನ್ನ ಹತ್ತು ಕೋಲು ಮುರಿದುಹೋಗಿತ್ತು. ತಪ್ಪು ನಂದೇ, ವೇಗ ಜಾಸ್ತಿ ಆಗಿತ್ತು. ಚರ್ಚಲ್ಲಿ ಹಾಗಂದ್ಮೇಲೆ ಮುಖ ಇಟ್ಕೊಂಡು ಬಂದು ಹೇಳೋದು ಹೇಗೆ? ಆ ಚಳಿಗಾಲ ಇಳಿದು ಹತ್ತು ಕೋಲು ನೆಟ್ಟುಬಿಟ್ಟೆ. ನೆಡುವಾಗ ಕೈಗೆ ಸಿಕ್ಕಿದ್ದೆಲ್ಲಾ ಕೊಳೆತದ್ದೇ. ಮುಂದಿನ ವರ್ಷ ಇನ್ನಷ್ಟು ನೆಟ್ಟೆ. ಆಮೇಲೆ ಅಭ್ಯಾಸ ಆಗೋಯ್ತು."

"ಏಳು ಮಡಿನೂ?"

"ಏಳೂ."

"ಎಲ್ಲೆಲ್ಲಿದೆ ಅಂತ ನಿಂಗೆ ಹೇಗೆ ಗೊತ್ತು?"

"ಬಾತು ಕಾಯೋನಿಗೆ ಬೇರೇನು ಕೆಲಸ? ಬೆಳಗಿಂದ ಕೂತು ನೋಡ್ತಾನೆ. ನೀನು ಎಲ್ಲಿ ನಿಂತೆ, ಎಷ್ಟು ಹೊತ್ತು ಬಗ್ಗಿದ್ದೆ, ಎಲ್ಲಾ ಕಾಣತ್ತೆ."

"ಯಾರಿಗೆ ಹೇಳಿದೀಯ?"

ಅವನಿಗೆ ಸಿಟ್ಟು ಬಂತು. "ಯಾರಿಗೆ ಹೇಳ್ಲಿ? ನನ್ನ ಗೂಟ ಎಲ್ಲಿ ಅಂತ ಊರಿಗೇ ಗೊತ್ತು, ನಿನ್ನದು ಗೊತ್ತಾದ್ರೆ ನಿಂಗೆ ಊಟ ಇಲ್ಲ. ಅಷ್ಟೂ ತಿಳಿಯಲ್ವಾ ನಂಗೆ? ನಾನು ಮೀನು ತಿನ್ನೋನೂ ಅಲ್ಲ."

ಆರ್ಡಿತ್ ಅಲ್ಲೇ ಡ್ರಮ್ಮಿನ ಮೇಲೆ ಕೂತಳು. ನಾಚಿಕೆಯಾಯಿತು, ಹೇಳಿಕೊಳ್ಳಲಾಗದಷ್ಟು. ಯಾವ ಹೊಗೆಯ ಬಗ್ಗೆ ಊರೆಲ್ಲ ಜಂಬ ಕೊಚ್ಚಿಕೊಂಡಿದ್ದಳೋ ಅದು ಉಳಿದ ಮೂವತ್ತೊಂದು ಮಡಿಯಲ್ಲಿ ಬೆಂಡಾಗಿ ಮುರಿದಿತ್ತು. ಅವಳ ಅನ್ನ ಬೆಂದದ್ದು ಇವನ ಸೀಡರಿನಲ್ಲಿ. ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದ ಈ ಮನುಷ್ಯ ಪ್ರತಿ ಜನವರಿ ಹಿಮದ ನೀರಿಗಿಳಿದು ಅವಳ ಮಡಿಗೆ ಕೋಲು ನೆಟ್ಟಿದ್ದ, ಮೇಲೆ ಬಂದು ಬಾಯಿಗೆ ಬೀಗ ಹಾಕಿಕೊಂಡಿದ್ದ.

"ಹೊಗೆ ಹೊಗೆ ಅಂತ ನಾನು ಕೊಚ್ಕೊಳ್ಳೋವಾಗ ನಿಂಗೆ ನಗು ಬರ್ತಿರಲಿಲ್ವಾ?"

"ಬರ್ತಿತ್ತು," ಅಂದ ಹೋಬರ್ಟ್. "ಅಂಗಡಿಯಿಂದ ಹೊರಗೆ ಹೋಗಿ ನಗ್ತಿದ್ದೆ."

ಅವಳಿಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಮೂಗು ಒರೆಸಿಕೊಂಡು ಗುಡಿಸಲನ್ನು ನೋಡಿದಳು, ಗೂಟವನ್ನು ನೋಡಿದಳು. ಐವತ್ತು ಗಜ ಕೆಸರು, ಎಪ್ಪತ್ತರ ಹತ್ತಿರದ ಮುದುಕ, ಒಂದು ಕಾಲು ಕುಂಟು. ಇನ್ನು ಒಂದೂವರೆ ದಿನ. ಆ ಕಡೆ ಅವಳ ನಾಲ್ಕು ಮಡಿ ಇನ್ನೂ ನಿಂತಿದ್ದವು. ನಾಳೆ ಮಧ್ಯಾಹ್ನಕ್ಕೆ ವೆಸ್ಟಲ್‌ನ ದಂಡು ಬರುತ್ತದೆ. ಎರಡೂ ಕೆಲಸ ಆಗುವುದಿಲ್ಲ. ಲೆಕ್ಕ ಸ್ಪಷ್ಟವಾಗಿತ್ತು, ಅವಳು ಅದನ್ನು ಎರಡು ಸಲ ಮಾಡಲಿಲ್ಲ.

"ನನ್ನ ವ್ಯಾನಲ್ಲಿ ಸರಪಳಿ ರಾಟೆ ಇದೆ," ಅಂದಳು. "ಗೂಟದಾಚೆ ಇರೋ ಆ ಮರದ ಬೊಡ್ಡೆಗೆ ಕಟ್ಟಿ ಎಳೆಯೋಣ."

"ನಿನ್ನ ಮಡಿ?"

"ನನ್ನ ಮಡಿ ನಾನು ನೋಡ್ಕೋತೀನಿ. ನಡಿ."

"ಆರ್ಡಿತ್, ನಾಲ್ಕು ಬಾಕಿ ಇದೆ. ಅದ್ರಲ್ಲಿ ಆ ಮೂಲೇದು ನಿನ್ನ ಮೊದಲ್ನೇದು."

"ಗೊತ್ತು ಕಣೋ. ಅದನ್ನ ನೆನಪಿಸೋಕೆ ನಿನ್ನ ಕರೆದಿಲ್ಲ. ನಡಿ ಅಂದ್ರೆ ನಡಿ."

ಕಿತ್ತ ಮೂರು ಮಡಿಯ ತೊಂಬತ್ತು ಕೋಲುಗಳನ್ನು ಕೆಸರಿನ ಮೇಲೆ ಅಡ್ಡಡ್ಡ ಹಾಸಿದರು. ರಾಟೆ ತಿರುಗಿಸಿದಂತೆ ಗುಡಿಸಲು ನರಳುತ್ತ ಒಂದು ಮೊಳ ಬರುವುದು, ಹಿಂದೆ ಉಳಿದ ಕೋಲುಗಳನ್ನು ಎತ್ತಿ ಮುಂದೆ ಹಾಸುವುದು, ಮತ್ತೆ ತಿರುಗಿಸುವುದು. ಹೋಬರ್ಟ್ ರಾಟೆಗೆ, ಆರ್ಡಿತ್ ಕೋಲಿಗೆ. ಮಧ್ಯಾಹ್ನ ಅವನು ತಂದಿದ್ದ ಉಪ್ಪು ಹಾಕಿದ ಹಂದಿಮಾಂಸದ ರೊಟ್ಟಿಯನ್ನು ಕೆಸರುಗೈಯಲ್ಲೇ ಹಂಚಿಕೊಂಡರು. ಕತ್ತಲಾಗುವ ಹೊತ್ತಿಗೆ ಇಪ್ಪತ್ತು ಗಜ ಉಳಿದಿತ್ತು. ಶನಿವಾರ ಬೆಳಕು ಹರಿಯುತ್ತಲೇ ಮತ್ತೆ ಹಿಡಿದರು.

ಹನ್ನೆರಡಕ್ಕೆ ವೆಸ್ಟಲ್‌ನ ದಂಡು ಬಂತು. ಇಪ್ಪತ್ತೈದು ಮೂವತ್ತು ಜನ, ಬೂಟು, ಫೋನು, ಕಾಫಿ ಲೋಟ. ಇಡೀ ಕೆರೆ ಸುತ್ತಿ ಬರೀ ತೂತುಗಳನ್ನು ನೋಡಿ ಬೇಸತ್ತಿದ್ದವರು ನಾಲ್ಕು ಮಡಿ ಕಂಡದ್ದೇ ಓಡಿದರು. ಆರ್ಡಿತ್ ಗುಡಿಸಲಿನ ಮೇಲೆ ಓಕ್ ಸೊಪ್ಪು ಕಟ್ಟುತ್ತಿದ್ದಳು. ತನ್ನ ಮೊದಲ ಮಡಿಯ ಸುತ್ತ ಜನ ನಿಂತು ಫೋನು ಚಾಚಿದ್ದನ್ನು ನೋಡಿದಳು. ಕಾರ್ಖಾನೆ ಮುಚ್ಚಿದ ಚಳಿಗಾಲ ಅಳುತ್ತ ಬಡಿದ ಕೋಲುಗಳು ಇದ್ದ ಜಾಗ. ಕೈ ಮಾತ್ರ ಗಂಟು ಹಾಕುತ್ತಲೇ ಇತ್ತು.

"ಮಿಸ್ ಆರ್ಡಿತ್!" ವೆಸ್ಟಲ್ ಕೂಗಿದ. "ಇಲ್ಲಿ ನಾಲ್ಕೇ ಇದೆ! ಮಿಕ್ಕಿದ್ದು ಎಲ್ಲಿ ಹೋಯ್ತು?"

"ನೆಗಡಿ ಆಗಿತ್ತು, ಮನೆಗೆ ಕರ್ಕೊಂಡು ಹೋಗಿದೀನಿ!"

"ಎಲ್ಲಿ ನೆಡ್ತೀರೋ ನಾವೂ ನೋಡ್ತೀವಿ ಬಿಡಿ. ಚಳಿಗಾಲ ಪೂರ್ತಿ ಇಲ್ಲೇ ಓಡಾಡ್ತೀವಿ!"

ಅದು ತಮಾಷೆಯಾಗಿರಲಿಲ್ಲ, ನಿಜ. ಹೋಬರ್ಟ್‌ನ ಮುಖ ಸಣ್ಣದಾಯಿತು. ಆರ್ಡಿತ್ ಅವನ ಕೈಗೆ ಇನ್ನೊಂದು ಕಟ್ಟು ಸೊಪ್ಪು ತುರುಕಿದಳು. ಮೂರು ಗಂಟೆಗೆ ಗುಡಿಸಲು ಗೂಟದ ಪಕ್ಕ ಬಂದು ನಿಂತಿತು. ದಂಡು ಕಾಫಿ ಮುಗಿಸಿ ದಡ ಹತ್ತಿತು.

ನಾಲ್ಕು ಗಂಟೆಗೆ ಇಲಾಖೆಯ ಅಧಿಕಾರಿ ಬಂದಳು. ಎಳೆಯ ವಯಸ್ಸು, ಹಸಿರು ಅಂಗಿ, ಮೊಣಕಾಲವರೆಗೆ ಕೆಸರು. ಟೇಪು ಹಿಡಿದು ಅಳೆದಳು, ಸೊಪ್ಪು ಅಲ್ಲಾಡಿಸಿ ನೋಡಿದಳು, ಹಾಳೆ ತೆಗೆದಳು.

"ಮಿಸ್ಟರ್ ಗ್ರೂಮ್ಸ್, ಎರಡನೇ ಹೆಸರು? ಡೆಲ್ಮರ್ ಅವರ ವಿಷಯ ಕೇಳ್ದೆ. ಬೇಜಾರಾಯ್ತು. ಆದ್ರೆ ಇಬ್ರು ಇರ್ಲೇಬೇಕು."

ಹೋಬರ್ಟ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಕೇಳಿಕೊಳ್ಳುವುದು ಆಸಾಮಿಗೆ ಹುಟ್ಟಿದಾಗಿನಿಂದ ಬಂದದ್ದಲ್ಲ.

"ಆರ್ಡಿತ್ ಪಕೆಟ್ ಅಂತ ಬರ್ಕೊಳ್ಳಮ್ಮಾ," ಅಂದಳು ಆರ್ಡಿತ್. "ಆದ್ರೆ ನಾನು ಬಂದೂಕು ಮುಟ್ಟಲ್ಲ. ಪರವಾಗಿಲ್ವಾ?"

"ಬೇಟೆ ಆಡ್ಲೇಬೇಕು ಅಂತೇನಿಲ್ಲ ಮ್ಯಾಮ್. ನಿಯಮ ಓದ್ತೀನಿ, ಕೇಳಿ ಸಹಿ ಹಾಕಿ." ಅವಳು ಗಿಳಿಪಾಠದಂತೆ ಓದಿದಳು. "ಇವತ್ತು ಸೂರ್ಯ ಮುಳುಗಿದಾಗಿಂದ ಫೆಬ್ರವರಿ ಹದಿನೈದರವರೆಗೆ ಹೆಸರು ಬರೆಸಿದ ಇಬ್ಬರನ್ನ ಬಿಟ್ಟು ಬೇರೆ ಯಾರೂ ಗೂಟದಿಂದ ಇನ್ನೂರು ಗಜದೊಳಗೆ ಬರೋ ಹಾಗಿಲ್ಲ. ಬಂದ್ರೆ ದಂಡ."

ಆರ್ಡಿತ್ ಪೆನ್ನು ಹಿಡಿದವಳು ನಿಂತುಬಿಟ್ಟಳು. ಮೀನಿನವರಿಗೆ ಬೇಟೆಯವರ ನಿಯಮ ಯಾಕೆ ಗೊತ್ತಿರಬೇಕು? ಇಪ್ಪತ್ನಾಲ್ಕು ವರ್ಷ ಆ ಗೂಟಗಳ ನಡುವೆ ದೋಣಿ ನಡೆಸಿದರೂ ಅವಳಿಗೆ ಗೊತ್ತಿದ್ದದ್ದು ಬೇಟೆಯವರು ಗೊಣಗುತ್ತಾರೆ ಎಂಬುದಷ್ಟೇ. ಅವಳು ಗುಡಿಸಲಿನ ಹಿಂದಕ್ಕೆ ನೋಡಿದಳು. ನೆಲ ಮೆಲ್ಲಗೆ ಇಳಿದು, ಅಣೆಕಟ್ಟಿಗಿಂತ ಹಳೆಯದಾದ ಹೊಳೆಯ ತಿರುವಿಗೆ ಸೇರುತ್ತಿತ್ತು. ತಿರುವಿನಂಚಿನಲ್ಲಿ ಬೊಡ್ಡೆಗಳು. ವಸಂತದಲ್ಲಿ ಅಲ್ಲಿ ಒಂಬತ್ತಡಿ ನೀರು. ಕ್ರಾಪಿಗೆ ಇದಕ್ಕಿಂತ ಒಳ್ಳೆಯ ಮನೆ ಇಡೀ ಕೆರೆಯಲ್ಲಿಲ್ಲ, ದಡದಲ್ಲಿ ನಿಂತವರಿಗೆ ಗುಡಿಸಲೂ ಜೊಂಡೂ ಅಡ್ಡ.

"ಇನ್ನೂರು ಗಜ ಅಂದ್ರೆ ಹಿಂದ್ಗಡೆಗೂನಾ ಮಗಳೇ?"

"ಎಲ್ಲಾ ಕಡೆಗೂ ಮ್ಯಾಮ್."

"ಒಳಗೆ ನಾವಿಬ್ರು ಏನು ಬೇಕಾದ್ರೂ ಮಾಡ್ಬಹುದಾ? ಕೋಲು ನೆಡಬಹುದಾ?"

"ಕಾಂಕ್ರೀಟು, ಕಬ್ಬಿಣ ಬೇಡ. ಮರದ ಕೋಲಾದ್ರೆ ನೆಡಿ, ಮೀನಿಗೆ ಒಳ್ಳೇದೇ."

ಆರ್ಡಿತ್ ಸಹಿ ಹಾಕಿದಳು. ದೊಡ್ಡದಾಗಿ, ಕಾಗದ ಹರಿಯುವಷ್ಟು ಒತ್ತಿ. ಅಧಿಕಾರಿ ಕೆಸರಿನಲ್ಲಿ ಕಾಲು ಕೀಳುತ್ತ ಮುಂದಿನ ಗೂಟದ ಕಡೆ ಹೊರಟಳು.

ಅವಳ ಉಪಾಯ ಹೋಬರ್ಟ್‌ನ ತಲೆಗೆ ಹತ್ತಿದ್ದು ಆಗ. ಹೊಳೆಯ ತಿರುವನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. "ಆ ನಾಲ್ಕು ಮಡಿ? ನಾಳೆ ಕಿತ್ತು ತರೋಣ್ವಾ?"

"ಮುಟ್ಬೇಡ. ಅಲ್ಲೇ ಇರ್ಲಿ. ಏಪ್ರಿಲಲ್ಲಿ ಮೂವತ್ತು ದೋಣಿನೂ ಅಲ್ಲೇ ಸಾಲಾಗಿ ನಿಲ್ಲತ್ತೆ. ಅವರಿಗೂ ನಾಲ್ಕು ಮೀನು ಸಿಗ್ಲಿ, ಈ ಕಡೆ ಯಾರೂ ತಲೆ ಹಾಕಲ್ಲ."

"ಮೂವತ್ನಾಲ್ಕು ಮಡಿಗೆ ಸಾವಿರ ಕೋಲು ಬೇಕು. ನಿನ್ನ ಕೊಟ್ಟಿಗೇಲಿರೋದು ಅರ್ಧ ಕೊಳೆತದ್ದು."

"ನಿನ್ನ ಬೇಲೀಲಿ ಇನ್ನೂ ಸೀಡರ್ ಇದೆಯಲ್ಲ?"

"ಬೇಲಿ ಹೋದ್ರೆ ನನ್ನ ದನ ನಿನ್ನ ಹೊಲಕ್ಕೆ ನುಗ್ತಾವೆ."

"ನುಗ್ಗಲಿ."

ಅವಳು ಆಗಲೇ ಮರದ ಕೊಡತಿ ಎತ್ತಿಕೊಂಡು, ಹಾಸಿದ್ದ ತೊಂಬತ್ತು ಕೋಲುಗಳಲ್ಲಿ ಕೈಗೆ ಸಿಕ್ಕಷ್ಟನ್ನು ಕಂಕುಳಿಗೆ ಸೇರಿಸಿ, ಇಳಿಜಾರಿನಲ್ಲಿ ನಡೆಯುತ್ತಿದ್ದಳು. ಹೋಬರ್ಟ್ ಕುಂಟುತ್ತ ಹಿಂದೆ ಬಂದ.

"ಇವತ್ತು ಸಾಕು ಆರ್ಡಿತ್. ಸೋಮವಾರದಿಂದ ಶುರು ಮಾಡೋಣ. ಸೂರ್ಯ ಮುಳುಗ್ತಿದಾನೆ."

ಆರ್ಡಿತ್ ಬೊಡ್ಡೆಯ ಪಕ್ಕ ಒಂದು ಕೋಲಿನ ಚೂಪು ತುದಿಯನ್ನು ಕೆಸರಿಗೆ ಊರಿದಳು, ಕೊಡತಿ ಎತ್ತಿದಳು.

"ಮುಳುಗ್ಲಿ, ಆಮೇಲೇ ಈ ಜಾಗ ನಮ್ದಾಗೋದು. ನೆಟ್ಟಗೆ ಹಿಡ್ಕೋ," ಅಂದಳು.